ಆರೋಗ್ಯ ಪ್ರಶ್ನೋತ್ತರ: ಬಿಪಿ ಇಳಿಯುವುದು ಕೊನೆಗೆ

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ರಾತ್ರಿ ಪಾಳಿಯಲ್ಲಿ ಆಪರೇಷನ್ ಆದವರ ವಾರ್ಡ್ ನೋಡಿಕೊಳ್ಳುತ್ತೇನೆ. ಬಿಪಿ 118 ಎಂದು ಚಾರ್ಟಿನಲ್ಲಿ ಬರೆದು ಮುಂದಿನ ಬೆಡ್ಡಿಗೆ ಹೋಗಿರುತ್ತೇವೆ, ಮತ್ತೊಂದು ರೌಂಡಿಗೆ ಬರುವಷ್ಟರಲ್ಲಿ 80 ಆಗಿರುತ್ತದೆ. ನಮ್ಮಲ್ಲಿರುವುದು ಒಂದು ಬಿಪಿ ಮಷೀನ್, ಒಂದು ಪಲ್ಸ್ ಆಕ್ಸಿಮೀಟರ್. ಇಷ್ಟರಲ್ಲೇ ಮುಂಚಿತವಾಗಿ ಗುರುತಿಸಲು ಆಗುತ್ತದೆಯೇ?
– ಒಬ್ಬ ಸಿಸ್ಟರ್, ರೋಣ

ಉತ್ತರ: ಆಗುತ್ತದೆ ಸಿಸ್ಟರ್. ಮೇಲಿನ ಬಿಪಿ ಒಂದನ್ನೇ ನಂಬುವುದನ್ನು ಬಿಡಬೇಕು, ಅಷ್ಟೇ. ಒಳಗೆ ರಕ್ತ ಸೋರತೊಡಗಿದಾಗ ದೇಹ ಚರ್ಮದ, ಕೈಕಾಲಿನ, ಕರುಳಿನ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಹೃದಯದ ಬಡಿತ ಹೆಚ್ಚಿಸುತ್ತದೆ. 70 ಕೆ.ಜಿ. ತೂಕದವರಿಗೆ 750 ಮಿ.ಲೀ.ಗಿಂತ ಹೆಚ್ಚು ರಕ್ತ ಹೋದರೂ ಮಲಗಿದಲ್ಲಿ ಮೇಲಿನ ಬಿಪಿ ಮೊದಲಿನಂತೆಯೇ ಕಾಣಬಹುದು. ಅದು ಕುಸಿಯುವ ಹೊತ್ತಿಗೆ ದೇಹದ ಉಪಾಯಗಳೆಲ್ಲ ಮುಗಿದಿರುತ್ತವೆ.

ಒಂದು ಲೆಕ್ಕ ನೋಡಿ. ರಾತ್ರಿ 10ಕ್ಕೆ ಬಿಪಿ 124/76, ನಾಡಿ 84. 12ಕ್ಕೆ ಬಿಪಿ 118/90, ನಾಡಿ 112, ಉಸಿರು ನಿಮಿಷಕ್ಕೆ 22. ಮೇಲಿನ ಬಿಪಿ ಇಳಿದದ್ದು ಬರೀ ಆರು. ಆದರೆ ಮೇಲಿನದರಲ್ಲಿ ಕೆಳಗಿನದನ್ನು ಕಳೆಯಿರಿ: 48 ಇದ್ದ ಪಲ್ಸ್ ಪ್ರೆಷರ್ 28ಕ್ಕೆ ಬಂದಿದೆ. ಹೃದಯ ಒಂದೊಂದು ಬಡಿತಕ್ಕೆ ತಳ್ಳುವ ರಕ್ತ ಕಡಿಮೆಯಾಗಿದೆ, ನಾಳಗಳು ಬಿಗಿದು ಕೆಳಗಿನ ಬಿಪಿ ಏರಿದೆ, ಅದಕ್ಕೇ ಅಂತರ ಕಿರಿದಾಗಿದೆ. ಈಗ ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. 10ಕ್ಕೆ 0.68 ಇದ್ದದ್ದು 12ಕ್ಕೆ 0.95. ಇದು ಶಾಕ್ ಇಂಡೆಕ್ಸ್ (ಶಾಕ್ ಎಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿ). ಆರೋಗ್ಯವಂತ ವಯಸ್ಕರಲ್ಲಿ 0.5ರಿಂದ 0.7ರವರೆಗೆ ಇರುತ್ತದೆ. 0.9 ಮುಟ್ಟಿದರೆ ಡ್ಯೂಟಿ ಡಾಕ್ಟರನ್ನು ಎಬ್ಬಿಸಿ, ಸಂಕೋಚ ಬೇಡ. ಗದಗಿನ ಜಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕಳಿಸಬೇಕಾಗಿ ಬಂದರೆ ದಾರಿಯ ಹೊತ್ತೂ ಬೇಕಲ್ಲ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಪರಿಷ್ಕರಿಸಿದ ನ್ಯೂಸ್-2 ಅಂಕಪಟ್ಟಿ (ಉಸಿರು, ನಾಡಿ, ಬಿಪಿ ಮುಂತಾದವು ಎಷ್ಟು ಕೆಟ್ಟಿವೆ ಎಂದು ಅಂಕ ಕೊಟ್ಟು ಕೂಡಿಸುವ ಪಟ್ಟಿ) ಈಗ ಅನೇಕ ಕಡೆ ಬಳಕೆಯಲ್ಲಿದೆ. ಒಳ್ಳೆಯ ಪಟ್ಟಿ. ಆದರೆ ಮೇಲಿನ ರೋಗಿಗೆ ಜ್ವರ, ಆಕ್ಸಿಜನ್, ಎಚ್ಚರ ಎಲ್ಲ ಸರಿಯಿದ್ದರೆ ಉಸಿರಿಗೆ 2, ನಾಡಿಗೆ 2, ಒಟ್ಟು 4 ಅಂಕ ಬರುತ್ತದೆ. ಡಾಕ್ಟರನ್ನು ತುರ್ತಾಗಿ ಕರೆಯಬೇಕೆನ್ನುವುದು 5ಕ್ಕೆ. ಪಲ್ಸ್ ಪ್ರೆಷರಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಹೀಗಾಗಿ ‘ಇನ್ನೂ ನಾಲ್ಕೇ ಇದೆ’ ಎಂದು ಕಾಯಬೇಡಿ. 15 ನಿಮಿಷಕ್ಕೊಮ್ಮೆ ಅಳೆದು, ಸಮಯ ಸಮೇತ ಒಂದರ ಕೆಳಗೊಂದು ಬರೆಯಿರಿ.

ಉಸಿರನ್ನು ಗಡಿಯಾರ ಹಿಡಿದು ಪೂರ್ತಿ 60 ಸೆಕೆಂಡ್ ಎಣಿಸಿ. ಎಲ್ಲರಿಗೂ 18, 20 ಎಂದು ಬರೆದ ಚಾರ್ಟಿನಿಂದ ಯಾರಿಗೂ ಉಪಯೋಗವಿಲ್ಲ. ಮಾತಾಡಿಸುತ್ತ ಎಣಿಸಿದರೆ ತಪ್ಪುತ್ತದೆ, ನಾಡಿ ಹಿಡಿದಂತೆ ಮಣಿಕಟ್ಟು ಹಿಡಿದುಕೊಂಡು ಎದೆ ನೋಡಿ.

ಯಾವ ಯಂತ್ರವೂ ಬೇಡದ ಇನ್ನೊಂದು ಪರೀಕ್ಷೆ ಇದೆ. ರೋಗಿಯ ಕೈಯನ್ನು ಹೃದಯದ ಮಟ್ಟಕ್ಕೆ ತನ್ನಿ. ತೋರುಬೆರಳ ತುದಿಯನ್ನು ಬಿಳಿಚುವವರೆಗೆ ಒತ್ತಿ, 10 ಸೆಕೆಂಡ್ ಹಿಡಿದು ಬಿಡಿ, ಬಣ್ಣ ಮರಳಲು ಎಷ್ಟು ಹೊತ್ತಾಯಿತೆಂದು ಮೊಬೈಲಿನ ಸ್ಟಾಪ್‌ವಾಚಿನಲ್ಲಿ ನೋಡಿ. 3 ಸೆಕೆಂಡ್ ದಾಟಿದರೆ ಬೆರಳಿಗೆ ರಕ್ತ ಸಾಕಷ್ಟು ಹೋಗುತ್ತಿಲ್ಲ. ಡಿಸೆಂಬರದ ತಂಡಿಯಲ್ಲಿ ಕಿಟಕಿ ಪಕ್ಕದ ಬೆಡ್ಡಿನವರಿಗೆ ಸುಮ್ಮನೆಯೂ ತಡವಾಗುತ್ತದೆ, ಕೈ ಬೆಚ್ಚಗೆ ಮಾಡಿ ಮತ್ತೊಮ್ಮೆ ನೋಡಿ. ಕಪ್ಪು ಮೈಬಣ್ಣದವರಲ್ಲಿ ಉಗುರಿನ ಕೆಳಗೆ ಚೆನ್ನಾಗಿ ಕಾಣುತ್ತದೆ. ಮೂತ್ರದ ಚೀಲವನ್ನೂ ಮರೆಯಬೇಡಿ: 60 ಕೆ.ಜಿ.ಯವರಿಗೆ ಗಂಟೆಗೆ 30 ಮಿ.ಲೀ.ಗಿಂತ ಕಡಿಮೆ ಬರಬಾರದು.

ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ, ಹೃದಯದ ಬಡಿತ ತಗ್ಗಿಸುವ ಬಿಪಿ ಮಾತ್ರೆ ನುಂಗುವವರ ನಾಡಿ ರಕ್ತ ಹೋದರೂ ತಕ್ಕಷ್ಟು ಏರುವುದಿಲ್ಲ. ಅಂಥವರ ಶಾಕ್ ಇಂಡೆಕ್ಸ್ ಮೋಸ ಮಾಡುತ್ತದೆ; ಪಲ್ಸ್ ಪ್ರೆಷರ್, ಬೆರಳು, ಮೂತ್ರ ಇವನ್ನೇ ನೋಡಿ. ಮೊದಲ ದಿನವೇ ಮಾತ್ರೆಯ ಹೆಸರು ಕೇಳಿ ಚಾರ್ಟಿನ ಮೇಲ್ಗಡೆ ಬರೆದಿಡಿ.

ಪ್ರಶ್ನೆ: ಮಗನಿಗೆ 14 ವರ್ಷ, ಡೆಂಗಿ ಆಗಿದೆ. ನಿನ್ನೆಯಿಂದ ಜ್ವರ ಇಲ್ಲ. ಮನೆಯ ಆಕ್ಸಿಮೀಟರ್ 98 ತೋರಿಸುತ್ತಿದೆ. ಆದರೂ ಹುಡುಗ ಸೊರಗಿದ್ದಾನೆ. ಗಾಬರಿ ಆಗಬೇಕೇ?
– ಒಬ್ಬ ತಾಯಿ, ಹಿರೇಕೆರೂರು

ಉತ್ತರ: ಇಂದೇ ಡಾಕ್ಟರಿಗೆ ತೋರಿಸಿ. ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲಿನ 24ರಿಂದ 48 ಗಂಟೆಗಳೇ ಅಪಾಯದ ಹೊತ್ತು. ರಕ್ತನಾಳದಿಂದ ನೀರಿನಂಶ ಹೊರಗೆ ಸೋರುತ್ತದೆ. ಆಕ್ಸಿಮೀಟರಿನ 98 ಎಂದರೆ ರಕ್ತದಲ್ಲಿ ಆಕ್ಸಿಜನ್ ತುಂಬಿದೆ ಎಂದಷ್ಟೇ. ಎಷ್ಟು ರಕ್ತ ಹರಿಯುತ್ತಿದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ.

ಬಿಪಿ ನೋಡಿಸಿ. ಮೇಲಿನದಕ್ಕೂ ಕೆಳಗಿನದಕ್ಕೂ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಉದಾಹರಣೆಗೆ 100/82, ಅದು ಶಾಕ್‌ನ ಲಕ್ಷಣ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ತಣ್ಣಗಾದ ಕೈಕಾಲು, ಮೂಗು-ವಸಡಿನ ರಕ್ತ, ಚಡಪಡಿಕೆ ಅಥವಾ ಮಂಪರು, ನಾಲ್ಕೈದು ತಾಸು ಮೂತ್ರ ಇಲ್ಲದಿರುವುದು ಇವುಗಳಲ್ಲಿ ಯಾವುದೊಂದು ಕಂಡರೂ 108ಕ್ಕೆ ಕರೆ ಮಾಡಿ. ಪ್ಲೇಟ್ಲೆಟ್ ಎಷ್ಟಿದೆ ಎಂದಷ್ಟೇ ಕೇಳುತ್ತ ಕೂಡಬೇಡಿ. ಹಿಮಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರುತ್ತಿದೆಯೇ ಎಂದೂ ಕೇಳಿ. ಅದು ಏರಿದರೆ ಸೋರಿಕೆ ನಡೆದಿದೆ.

ಕೆಲವು ಆಕ್ಸಿಮೀಟರುಗಳು ‘ಪಿಐ’ ಎಂದು ಮತ್ತೊಂದು ಅಂಕಿ ತೋರಿಸುತ್ತವೆ. ನಾಡಿಯೊಂದಿಗೆ ಮಿಡಿಯುವ ರಕ್ತದ ಪಾಲು ಅದು. ಒಮ್ಮೆ ನೋಡಿ ಏನೂ ಹೇಳಲಾಗದು, ಬೆರಳಿನಿಂದ ಬೆರಳಿಗೆ ಬೇರೆಯಿರುತ್ತದೆ. ಒಂದೇ ಬೆರಳಲ್ಲಿ, ಕೈ ಬೆಚ್ಚಗಿರುವಾಗ ಮತ್ತೆ ಮತ್ತೆ ನೋಡಿದಾಗ ಇಳಿಯುತ್ತ ಬಂದರೆ ಲಕ್ಷ್ಯ ಕೊಡಿ. ಕಪ್ಪಾಗಿ ಮೆಹಂದಿ ಹಚ್ಚಿದ ಬೆರಳು ಬೇಡ.

ಪ್ರಶ್ನೆ: ಅವ್ವನ ಬಿಪಿ ಮನೆಯ ಡಿಜಿಟಲ್ ಮಷೀನಿನಲ್ಲಿ 160, ಕ್ಲಿನಿಕ್‌ನಲ್ಲಿ 138. ಯಾವುದು ಖರೆ? ಅವ್ವನ ತೋಳು ದಪ್ಪ.
– ಓದುಗರು, ಧಾರವಾಡ

ಉತ್ತರ: ಮೊದಲ ಅನುಮಾನ ಕಫ್, ಅಂದರೆ ತೋಳಿಗೆ ಸುತ್ತುವ ಪಟ್ಟಿಯ ಮೇಲೆ. ಭುಜಕ್ಕೂ ಮೊಣಕೈಗೂ ನಡುವೆ ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆಯಿರಿ. ಮಷೀನಿನ ಜೊತೆ ಬರುವ ಕಫ್ ಸಾಮಾನ್ಯವಾಗಿ 22ರಿಂದ 32 ಸೆಂ.ಮೀ. ತೋಳಿನದು. ಅದಕ್ಕಿಂತ ದಪ್ಪ ತೋಳಿಗೆ ಸುತ್ತಿದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ದೊಡ್ಡ ಕಫ್ ತರಿಸಿ. ತೋಳು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿರಲಿ, 10 ಸೆಂ.ಮೀ. ಕೆಳಗಿದ್ದರೆ ಏಳೆಂಟು ಅಂಕಿ ಹೆಚ್ಚಾಗುತ್ತದೆ. ನಾಡಿ ತಾಳ ತಪ್ಪಿ ಬಡಿಯುವವರಾದರೆ ಒಂದೇ ಸಲದ ಅಂಕಿ ನಂಬದೆ ಮೂರು ಸಲ ಅಳೆದು ಸರಾಸರಿ ತೆಗೆಯಿರಿ.