ಮಲೆನಾಡಿನ ಮಕ್ಕಳು ಇಂಗ್ಲಿಷ್‌ನಲ್ಲಿ ಯಾಕೆ ಬಾಯಿ ಬಿಡುವುದಿಲ್ಲ ಅಂತ ಕೇಳಿದಿರಲ್ಲ

ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆಗೆ ಇಂಗ್ಲಿಷ್ ಟೀಚರ್ ಆಗಿ ಬರುತ್ತಿದ್ದೀರಿ, ಇಲ್ಲಿನ ಮಕ್ಕಳು ತುಂಬ ನಾಚಿಕೆಯವರಂತೆ, ಕ್ಲಾಸಿನಲ್ಲಿ ಬಾಯೇ ಬಿಡುವುದಿಲ್ಲವಂತೆ, ನಿಜವಾ ಅಂತ ಕೇಳಿದಿರಿ. ಅರ್ಧ ನಿಜ. ಮೊದಮೊದಲು ಬಾಯಿ ಬಿಡುವುದಿಲ್ಲ. ಆದರೆ ಅದಕ್ಕೆ ನಾಚಿಕೆ ಕಾರಣ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ನಾನು ಗಡಿನಾಡಿನವಳು, ಹುಟ್ಟಿದ್ದು ಮಂಜೇಶ್ವರದ ಹತ್ತಿರ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರೇಷನ್ ಅಂಗಡಿಯಲ್ಲಿ ಮಲಯಾಳ. ಮಲಯಾಳವನ್ನು ನನಗೆ ಯಾರೂ ಕಲಿಸಲಿಲ್ಲ. ಅಜ್ಜಿಗೆ ಸೀಮೆಎಣ್ಣೆ ತರಬೇಕಿತ್ತು, ಕಾರ್ಡು ಹಿಡಿದು ಸಾಲಿನಲ್ಲಿ ನಿಂತೆ, ಕಲಿತೆ. ಇಂಗ್ಲಿಷ್‌ನ ಗ್ರಾಮರ್ ಮಾತ್ರ ವರ್ಷಗಟ್ಟಲೆ ಬಾಯಿಪಾಠ ಮಾಡಿದ್ದೆ, ಆದರೂ ಡಿಗ್ರಿ ಮುಗಿದ ಮೇಲೆ ಒಂದು ಸಂದರ್ಶನದಲ್ಲಿ ಎರಡು ವಾಕ್ಯ ಹೊರಡದೆ ಕಣ್ಣೀರು ಹಾಕಿಕೊಂಡು ಮನೆಗೆ ಬಂದೆ. ಎರಡೂ ಭಾಷೆ ಹೊಕ್ಕಿದ್ದು ಇದೇ ತಲೆಗೆ ತಾನೆ? ಮಲಯಾಳದಿಂದ ನನಗೆ ಆಗಬೇಕಾದ ಕೆಲಸ ಇತ್ತು. ಇಂಗ್ಲಿಷ್‌ನಿಂದ ಪರೀಕ್ಷೆ ಬಿಟ್ಟರೆ ಬೇರೆ ಏನೂ ಆಗಬೇಕಿರಲಿಲ್ಲ. ಮದುವೆಯಾಗಿ ಘಟ್ಟ ಹತ್ತಿದ ಮೇಲೆ ಇಲ್ಲಿನ ಹೈಸ್ಕೂಲುಗಳಲ್ಲಿ 26 ವರ್ಷ ಪಾಠ ಮಾಡಿದ್ದೇನೆ, ನನ್ನ ಪಾಠವೆಲ್ಲ ಈ ಒಂದು ವಿಚಾರದ ಸುತ್ತವೇ ತಿರುಗುತ್ತದೆ.

ಭಾಷೆಯ ಗಡಿ ಅಂದರೆ ಕಾಸರಗೋಡು, ಬೆಳಗಾವಿ ಅಷ್ಟೇ ಅಂದುಕೊಳ್ಳಬೇಡಿ. ಶಿವಮೊಗ್ಗ ಜಿಲ್ಲೆಯಲ್ಲಿ ಒಂದು ಬೆಂಚಿನಿಂದ ಇನ್ನೊಂದು ಬೆಂಚಿಗೆ ಗಡಿ ಬದಲಾಗುತ್ತದೆ. ಆಗುಂಬೆ ಕಡೆಯ ಹುಡುಗನಿಗೆ ತುಳು ಗೊತ್ತಿರುತ್ತದೆ, ಪಕ್ಕದವಳ ಮನೆಯಲ್ಲಿ ಕೊಂಕಣಿ, ಪೇಟೆಯ ಮಗುವಿಗೆ ಉರ್ದು. ಶಿಕಾರಿಪುರದ ತಾಂಡಾಗಳಿಗೆ ಹೋದರೆ ಲಂಬಾಣಿ, ಭದ್ರಾವತಿಯಲ್ಲಿ ತಮಿಳು. ಸಾಗರದ ಹವ್ಯಕರ ಮನೆಮಾತಿಗೂ ಪುಸ್ತಕದ ಕನ್ನಡಕ್ಕೂ ಎಷ್ಟು ದೂರ ಅಂತ ನೀವೇ ಕೇಳಿ ನೋಡಿ. ಹದಿಮೂರು ವರ್ಷದ ಮಗು ದಿನಾ ಬೆಳಿಗ್ಗೆಯಿಂದ ಸಂಜೆಯೊಳಗೆ ಎರಡು ಮೂರು ಭಾಷೆ ಬದಲಿಸುತ್ತದೆ. ಅಂಥ ಮಗುವಿಗೆ ನಾವು ‘ನಿನಗೆ ಭಾಷೆ ಬರುವುದಿಲ್ಲ’ ಅನ್ನುತ್ತೇವೆ. ಅದಕ್ಕೇ ನಾನು ಮೊದಲ ವಾರ ಪುಸ್ತಕ ತೆಗೆಸುವುದಿಲ್ಲ. ‘ನೀರು ಕೊಡು’ ಅಂತ ನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ ಅಂತ ಒಬ್ಬೊಬ್ಬರನ್ನೇ ಕೇಳಿ ಬೋರ್ಡಿನ ಮೇಲೆ ಬರೆಯುತ್ತೇನೆ, ಎಲ್ಲರೂ ಎಲ್ಲವನ್ನೂ ಹೇಳಿ ನೋಡುತ್ತಾರೆ, ಕೊನೆಯ ಸಾಲಿನಲ್ಲಿ ಇಂಗ್ಲಿಷ್ ಬರುತ್ತದೆ. ಆಗ ಅದೂ ಇನ್ನೊಂದು ಮನೆಯ ಮಾತು, ಅಷ್ಟೇ.

ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳಿವೆ. ಅದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮಗುವಿನ ತಪ್ಪು ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕಾದರೆ ಕನ್ನಡ ಬೇಕೇ ಬೇಕು. ‘ನನಗೆ ಗೊತ್ತು’ ಅನ್ನುವವನು ‘ಮಿ ನೋ’ ಅನ್ನುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ ಅಲ್ವಾ? ನನಗೆ ಹಸಿವು, ನನಗೆ ಬೇಕು, ನನಗೆ ಗೊತ್ತು, ಎಲ್ಲ ಕಡೆ ನಮ್ಮದು ‘ನನಗೆ’. ಇಂಗ್ಲಿಷ್‌ನವರು ಅಲ್ಲೆಲ್ಲ ‘ಐ’ ಅನ್ನುತ್ತಾರೆ ಅಂತ ಎರಡನ್ನೂ ಅಕ್ಕಪಕ್ಕ ಬರೆದು ತೋರಿಸಿದರೆ ಹತ್ತು ನಿಮಿಷದ ಕೆಲಸ. ಹಾಗೆಯೇ ಶಾಲೆಗೆ, ತೋಟದಲ್ಲಿ, ಅಪ್ಪನಿಂದ. ನಾವು ಬಾಲದಲ್ಲಿ ಅಂಟಿಸುವುದನ್ನು ಅವರು ಮುಂದೆ ಬಿಡಿಯಾಗಿ ಇಡುತ್ತಾರೆ: ಟು, ಇನ್, ಫ್ರಮ್. ಬಾಲ, ಮೂಗು ಅಂದರೆ ಸಾಕು, ನಮ್ಮ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಬೆಂಗಳೂರಿನ ಜ್ಞಾನಭಾರತಿಯಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, 1963ರದು. ಅಲ್ಲಿ 30 ದಿನದ ತರಬೇತಿಗೆ ಹೋಗಿದ್ದಾಗ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರ ಕೆಲಸದ ಬಗ್ಗೆ ಕೇಳಿದೆ. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಅವರು ಮಕ್ಕಳಿಗೆ ವ್ಯಾಕರಣದ ಪಾಠದ ಬದಲು ರೈಲಿನ ವೇಳಾಪಟ್ಟಿ, ನಕ್ಷೆ ಇಂಥದ್ದನ್ನು ಕೊಟ್ಟು, ಯೋಚಿಸಿ ಉತ್ತರ ಕಂಡುಹಿಡಿಯಿರಿ ಅಂದರು. ಮಕ್ಕಳ ಗಮನವೆಲ್ಲ ಉತ್ತರದ ಮೇಲೆ, ಭಾಷೆ ಅದರ ಜೊತೆಗೇ ಬರಲಿ ಅನ್ನುವುದು ಅವರ ವಿಚಾರ. ಇದನ್ನು ಇವತ್ತಿಗೂ ಜಗತ್ತಿನ ಇಂಗ್ಲಿಷ್ ಟೀಚರುಗಳು ‘ಬೆಂಗಳೂರು ಪ್ರಾಜೆಕ್ಟ್’ ಅಂತಲೇ ಕರೆಯುತ್ತಾರೆ. ಕೇಳುವಾಗ ನನಗೆ ನಮ್ಮೂರಿನ ರೇಷನ್ ಅಂಗಡಿಯೇ ಕಣ್ಣ ಮುಂದೆ ಬಂತು. ಊರಿಗೆ ಬಂದವಳೇ ಮೈಸೂರು–ತಾಳಗುಪ್ಪ ರೈಲಿನ ವೇಳಾಪಟ್ಟಿ ಬರೆದುಕೊಂಡು ಕ್ಲಾಸಿಗೆ ಹೋದೆ. ಸಾಗರದಲ್ಲಿ ಹತ್ತೂವರೆಗೆ ಮುಹೂರ್ತ, ಶಿವಮೊಗ್ಗದಲ್ಲಿ ಯಾವ ರೈಲು ಹತ್ತಬೇಕು? ಗಲಾಟೆಯೋ ಗಲಾಟೆ. ಅದರಲ್ಲಿ ಕಾಲು ಭಾಗ ಇಂಗ್ಲಿಷ್ ಇತ್ತು, ನನಗೆ ಅಷ್ಟು ಸಾಕಿತ್ತು.

ಇನ್ನೊಂದು ದಿನದ್ದನ್ನು ಹೇಳಲೇಬೇಕು. ಜೂನ್ ಅಂದರೆ ಇಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಸಮಯ, ಇಲ್ಲದಿದ್ದರೆ ಕೊಳೆ ರೋಗ ಬಂದು ಕಾಯಿ ಉದುರುತ್ತದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಇದನ್ನು ಮಾಡುವ ಕ್ರಮವನ್ನು ಇಂಗ್ಲಿಷ್‌ನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ, ಸುಣ್ಣದ ನೀರನ್ನು ತುತ್ತದ ನೀರಿಗೆ ಸುರಿಯಿರಿ ಅಂತ ಬರೆದೆ. ಹಿಂದಿನ ವರ್ಷವಿಡೀ ಒಂದು ಮಾತೂ ಆಡದಿದ್ದ ಹುಡುಗ ಹಿಂದಿನ ಬೆಂಚಿನಿಂದ ಎದ್ದು, ‘ನೋ ಟೀಚರ್, ನೋ! ತುತ್ತ ಪೋರ್ ಇನ್ ಸುಣ್ಣ! ಸ್ಲೋ, ಸ್ಲೋ!’ ಅಂದ. ಆಮೇಲೆ ಕತ್ತಿ ಅದ್ದಿ ನೋಡುವುದನ್ನು ಕೈ ಮಾಡಿ ತೋರಿಸಿದ: ‘ನೈಫ್ ರೆಡ್, ಸುಣ್ಣ ಮೋರ್.’ ಕತ್ತಿಗೆ ತಾಮ್ರದ ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ. ಅವನು ಹೇಳಿದ್ದು ಪೂರ್ತಿ ಸರಿ. ನಾನು ನಡುವೆ ತಿದ್ದಲಿಲ್ಲ. ಮುಗಿಸಿದ ಮೇಲೆ ಅವನ ಮಾತನ್ನೇ ಸರಿಯಾದ ವಾಕ್ಯ ಮಾಡಿ ಬೋರ್ಡಿನಲ್ಲಿ ಬರೆದೆ, ಕ್ಲಾಸಿಗೆ ಕ್ಲಾಸೇ ಓದಿತು. ನಡುವೆ ತಿದ್ದಿದ್ದರೆ ಅವನು ಮತ್ತೆ ಏಳುತ್ತಿರಲಿಲ್ಲ ಅಂತ ನನಗೆ ಖಾತ್ರಿ ಇದೆ.

ಪರೀಕ್ಷೆಯ ಅಂಕದ ಗತಿ ಏನು ಅಂತಲೂ ಕೇಳಿದ್ದಿರಿ. 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಇದೆ, ಹಾಗಾಗಿ ಅಕ್ಷರ ಬರುತ್ತದೆ, ಓದುತ್ತಾರೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಡಿಸೆಂಬರ್ ಆದಮೇಲೆ ನಾನೂ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತೇನೆ, ಅಪ್ಪ ಅಮ್ಮಂದಿರ ಆತಂಕ ಸುಮ್ನೆ ಅಲ್ಲ. ಅದೇ ಹೊತ್ತಿಗೆ ಅಡಿಕೆ ಗೊನೆ ಕೊಯ್ಯುವ, ಸುಲಿಯುವ ಕೆಲಸ ನಡೆದಿರುತ್ತದೆ. ಕೆಲವರು ನಿದ್ದೆಗಣ್ಣಿನಲ್ಲಿ ಬರುತ್ತಾರೆ, ಕೆಲವರು ಬರುವುದೇ ಇಲ್ಲ. ಬೈಯಬೇಡಿ.

ಜುಲೈ ಮಾತ್ರ ಬೇರೆಯೇ ಕಾಲ. ಮಳೆ ರಜೆ ಸಿಗದ ದಿನಗಳಲ್ಲಿ ಶೀಟಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನಿಮ್ಮ ದನಿ ಮುಂದಿನ ಬೆಂಚಿಗೂ ಕೇಳುವುದಿಲ್ಲ. ಆಗ ನಾನು ಚೀಟಿ ಬರೆಯಲು ಬಿಡುತ್ತೇನೆ. ಯಾರು ಯಾರಿಗೆ ಬೇಕಾದರೂ ಏನು ಬೇಕಾದರೂ ಬರೆಯಬಹುದು, ಇಂಗ್ಲಿಷ್‌ನಲ್ಲಿ ಇರಬೇಕು, ಉತ್ತರ ಬರಬೇಕು. ಹಳ್ಳ ತುಂಬಿದೆಯಾ, ನಾಳೆ ಬರುತ್ತೀಯಾ, ಕಳಲೆ ಸಿಕ್ಕಿತಾ, ನಿಮ್ಮ ಹಸು ಕರು ಹಾಕಿತಾ. ಅವನ್ನೆಲ್ಲ ಒಂದು ಟ್ರಂಕಿನಲ್ಲಿ ಎತ್ತಿಟ್ಟಿದ್ದೇನೆ. ಕೆಲಸಕ್ಕೆ ಸೇರುವ ಮೊದಲು ಒಂದು ಭಾನುವಾರ ಮನೆಗೆ ಬನ್ನಿ, ಕೂತು ಓದೋಣ.