ಯುಗಾದಿ ಹೊತ್ತಿಗೆ ಮಾಗಡಿ ಕೆರೇಲಿ ಏನು ಸಿಗುತ್ತೆ?

ಪ್ರಶ್ನೆ: ಯುಗಾದಿ ರಜೆಗೆ ಮಗಳನ್ನ ಕರ್ಕೊಂಡು ಗದಗ ಜಿಲ್ಲೆ ಮಾಗಡಿ ಕೆರೆಗೆ ಹೋಗೋಣ ಅಂತಿದೀವಿ. ಪಟ್ಟೆತಲೆ ಹೆಬ್ಬಾತು ಆಗ ಇರ್ತಾವಾ? ಏರಿ ಮೇಲೆ ನಡ್ಕೊಂಡು ನೋಡ್ಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ಹೆಬ್ಬಾತು ನೋಡೋದೇ ಆಸೆಯಾದ್ರೆ ಡಿಸೆಂಬರ್‌-ಜನವರೀಲಿ ಹೋಗಿ, ಯುಗಾದಿ ಹೊತ್ತಿಗೆ ಅವು ಹಿಮಾಲಯ ದಾಟಿ ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡೋಕೆ ಹೊರಟುಬಿಟ್ಟಿರ್ತಾವೆ. ಹಾಗಂತ ಪ್ಲಾನ್ ಕ್ಯಾನ್ಸಲ್ ಮಾಡ್ಬೇಡಿ, 2024ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದ್ರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದ ಕೆರೆ ಇದು, ಊರಲ್ಲೇ ಇರೋ ಹಕ್ಕಿಗಳಿಗೆ ವಸಂತ ಅಂದ್ರೆ ಸಂಭ್ರಮದ ಕಾಲ. ನೀರಲ್ಲಿ ಮುಳುಗೇಳೋ ಪುಟ್ಟ ಹಕ್ಕಿ ಗುಳುಮುಳುಕ ನೋಡಿ, ಚಳಿಗಾಲದಲ್ಲಿ ಮಂಕಾಗಿದ್ದ ಕತ್ತು ಈಗ ಕೆಂಪುಕಂದು, ಕೊಕ್ಕಿನ ಬುಡದಲ್ಲಿ ಹಳದಿ ಚುಕ್ಕೆ, ನೀವು ಬೈನಾಕ್ಯುಲರ್ ಎತ್ತೋಷ್ಟರಲ್ಲಿ ಮುಳುಗಿ ಬೇರೆಲ್ಲೋ ಏಳುತ್ತೆ, ಮಗಳಿಗೆ ಖಂಡಿತ ಇಷ್ಟ ಆಗುತ್ತೆ. ದನದ ಜೊತೆ ಓಡಾಡೋ ಬೆಳ್ಳಕ್ಕಿಗೂ ತಲೆ-ಕತ್ತಿಗೆ ಕೇಸರಿ ಬಣ್ಣ ಬರೋ ಸಮಯ.

ನಡೆಯೋದಾದ್ರೆ ಬೆಳಿಗ್ಗೆ ಆರೂವರೆಯಿಂದ ಒಂಬತ್ತು, ಸೂರ್ಯ ಬೆನ್ನಿಗಿರ್ಲಿ, ಇಲ್ಲಾಂದ್ರೆ ಎಲ್ಲಾ ಹಕ್ಕೀನೂ ಕಪ್ಪಗೇ ಕಾಣುತ್ತೆ. ಒಂದ್ ಮಾತು ಮಾತ್ರ ದಯವಿಟ್ಟು ನೆನಪಿಡಿ, ಫೋಟೋಗೋಸ್ಕರ ನೀರಿನಂಚಿಗೆ ಇಳೀಬೇಡಿ. ಟಿಟ್ಟಿಭ ಅನ್ನೋ ಹಕ್ಕಿ ಗೂಡು ಕಟ್ಟದೆ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತೆ, ಚುಕ್ಕೆಚುಕ್ಕೆ ಮಣ್ಣಿನ ಬಣ್ಣ, ಕಲ್ಲಿನ ಮಧ್ಯೆ ಗೊತ್ತೇ ಆಗಲ್ಲ, ಒಂದು ಹೆಜ್ಜೆ ತಪ್ಪಿದ್ರೆ ಮುಗೀತು. ಅದು ಕಿರುಚ್ತಾ ತಲೆ ಮೇಲೆ ಸುತ್ತೋಕೆ ಶುರು ಮಾಡಿದ್ರೆ ಮೊಟ್ಟೆ ಹತ್ರದಲ್ಲೇ ಇದೆ ಅಂತ, ಬಂದ ದಾರೀಲೇ ಮೆಲ್ಲಗೆ ವಾಪಸ್ ಬನ್ನಿ.