ನದಿ ಉಳಿಸೋಕೆ ಜನ ಯಾಕೆ ಬರ್ತಾರೆ?

ನದಿಗಾಗಿ ಹೋರಾಡುವವರಿಗೆ ಅದರಿಂದ ಏನು ಸಿಗುತ್ತದೆ, ಯಾಕೆ ಸೇರುತ್ತಾರೆ ಎಂದು ಕೇಳಿದ್ದೀರಿ. ನಾನು ಉತ್ತರ ಕನ್ನಡದವನು. ನಮ್ಮ ಜಿಲ್ಲೆಯಲ್ಲಿ ಇಂಥ ಹೋರಾಟ ಹೊಸದಲ್ಲ. ಇಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಪರಿಸರ ಎಂಬ ಹೆಸರು ಕೇಳಿ ಮನೆಯಿಂದ ಹೊರಟವರನ್ನು ನಾನು ನೋಡಿದ್ದು ಕಡಿಮೆ. ತೋಟ ಮುಳುಗುತ್ತದೆ, ಬಾವಿ ನೀರು ಉಪ್ಪಾಗುತ್ತದೆ ಎಂದು ಗೊತ್ತಾದಾಗ ಹೊರಡುತ್ತಾರೆ. ಇದನ್ನು ಸ್ವಾರ್ಥ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹೊಳೆಯ ಜೊತೆ ಬದುಕು ಕಟ್ಟಿಕೊಂಡವರಿಗೇ ಅದರ ಬೆಲೆ ಜಾಸ್ತಿ ಗೊತ್ತು, ಅಲ್ವಾ?

ಕುಮಟಾ ಹತ್ತಿರ ಅಘನಾಶಿನಿ ಸಮುದ್ರ ಸೇರುವಲ್ಲಿಗೆ ಇಳಿತದ ಹೊತ್ತಿಗೆ ಒಮ್ಮೆ ಹೋಗಿ ನೋಡಿ. ಗಂಡಸರು, ಹೆಂಗಸರು ನೀರಿಗಿಳಿದು, ಕೆಸರಿನಲ್ಲಿ ಕೈಯಾಡಿಸಿ ಬಳಚು ಆರಿಸುತ್ತಿರುತ್ತಾರೆ. ಬಳಚು ಅಂದರೆ ಚಿಪ್ಪಿನ ಮೀನು. ಬಿತ್ತಿದ್ದಲ್ಲ, ಗೊಬ್ಬರ ಹಾಕಿ ಬೆಳೆಸಿದ್ದಲ್ಲ. ಮೇಲಿಂದ ಬರುವ ಸಿಹಿನೀರು, ಕೆಳಗಿಂದ ಏರುವ ಉಪ್ಪುನೀರು ಹದವಾಗಿ ಬೆರೆತರೆ ಮಾತ್ರ ಅದು ಉಳಿಯುತ್ತದೆ. ಪಕ್ಕದ ಗಜನಿ ಗದ್ದೆಗಳಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಲ್ಲಿ, ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. ಶಿರಸಿಯಲ್ಲಿ ಹುಟ್ಟಿ ಇಲ್ಲಿಗೆ ಬರುವ ತನಕ ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಇಂಥ ಜಾಗದ ದಡದಲ್ಲೇ, ತದಡಿಯಲ್ಲಿ, 4000 ಮೆಗಾವ್ಯಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂತು. ಮೀನುಗಾರರು, ರೈತರು ವಿರೋಧಿಸಿದರು. ಸ್ಥಾವರ ಬರಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಆ ಸುದ್ದಿ ಓದಿದ ದಿನ ನನಗೆ ಎಷ್ಟು ಖುಷಿಯಾಯಿತು ಅಂದರೆ, ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಇನ್ನೊಂದು ಕಾರಣ, ಪಕ್ಕದವರಿಗೆ ಆದದ್ದನ್ನು ಕಣ್ಣಾರೆ ಕಂಡಿರುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟುಕೊಟ್ಟು ಬಂದ ಎಷ್ಟೋ ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದಿವೆ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ಮುಳುಗಿತು. ಇದನ್ನೆಲ್ಲ ನೋಡಿದವರಿಗೆ 'ಪರಿಹಾರ ಕೊಡ್ತೇವೆ' ಎಂಬ ಮಾತು ಸಾಕಾಗುವುದಿಲ್ಲ.

ಬೇಡ್ತಿ ನದಿಗೆ ಜಲವಿದ್ಯುತ್ ಯೋಜನೆ ಬಂದಾಗ ಆದದ್ದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಶಿರಸಿ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರು ಸುಮ್ನೆ ಘೋಷಣೆ ಕೂಗಿ ಮನೆಗೆ ಹೋಗಲಿಲ್ಲ. ಅವರ ಸಹಕಾರಿ ಸಂಘ ವಿಜ್ಞಾನಿಗಳನ್ನು ಕರೆಸಿ, 1981ರಲ್ಲಿ ವಿಚಾರ ಸಂಕಿರಣ ನಡೆಸಿತು. ಮುಳುಗುವ ತೋಟ, ಕಾಡು ಎಲ್ಲದರ ಲಾಭ ನಷ್ಟದ ಲೆಕ್ಕ ಮುಂದಿಟ್ಟರು. ಯೋಜನೆ ಕೈಬಿಡಲಾಯಿತು. ಸೊಸೈಟಿಗೆ ಅಡಿಕೆ ತರುವ ರೈತನಿಗೆ ಲೆಕ್ಕ ಅರ್ಥವಾಗುತ್ತದೆ. ತನ್ನ ತೋಟದ ಬೆಲೆ ಸರ್ಕಾರದ ವರದಿಯಲ್ಲಿ ಸರಿಯಾಗಿ ಬಂದಿಲ್ಲ ಎಂದು ತಾನೇ ಕಂಡುಕೊಂಡವನು ಆಮೇಲೆ ಹಿಂದೆ ಸರಿಯುವುದು ಕಷ್ಟ.

ಮತ್ತೆ, ಜನ ಭಾಷಣ ಕೇಳಿ ಸೇರುವುದಕ್ಕಿಂತ ಗುರುತಿನವರು ಕರೆದರು ಎಂದು ಸೇರುವುದೇ ಜಾಸ್ತಿ. ಪಕ್ಕದ ಮನೆಯ ಅಣ್ಣ, ಸಂಘದ ಕಾರ್ಯದರ್ಶಿ, ಶಾಲೆಯ ಮಾಸ್ತರರು. ನಮ್ಮಲ್ಲಿ ಸ್ವರ್ಣವಲ್ಲಿ ಮಠದ ಸ್ವಾಮಿಗಳು ಮುಂದೆ ನಿಂತಿದ್ದರಿಂದ ಅದುವರೆಗೆ ಸಭೆಗಳಿಗೆ ಬಾರದವರೂ ಬಂದರು.

ಸಿಗುವುದೇನು ಎಂದು ಕೇಳಿದಿರಲ್ಲ. ಹಣವಂತೂ ಇಲ್ಲ. ಕೆಲಸ ಬಿಟ್ಟು ಬರಬೇಕು, ಕೈಯಿಂದ ಬಸ್ ಚಾರ್ಜ್ ಕೊಡಬೇಕು, ಅಭಿವೃದ್ಧಿ ವಿರೋಧಿ ಅನ್ನಿಸಿಕೊಳ್ಳಬೇಕು. ಆದರೆ ಮೊದಲು ಹಿಂದೆ ಕೂತು ಕೇಳುತ್ತಿದ್ದವರೇ ಬರಬರುತ್ತಾ ಎದ್ದು ನಿಂತು ಮಾತಾಡುತ್ತಾರೆ. ಈಗ ಬೇಡ್ತಿ–ವರದಾ ನದಿ ಜೋಡಣೆಯ, ಅಂದರೆ ಬೇಡ್ತಿಯ ನೀರನ್ನು ವರದಾ ನದಿಗೆ ಒಯ್ಯುವ ಮಾತು ಬಂದಿದೆ. ಸಭೆಗಳಲ್ಲಿ ರೈತರು ಕೇಳುವ ಪ್ರಶ್ನೆ ನೇರವಾಗಿರುತ್ತದೆ: ಬೇಸಿಗೆಯಲ್ಲಿ ಬೇಡ್ತಿಯಲ್ಲಿ ನೀರೆಷ್ಟಿರುತ್ತದೆ, ಅಳೆದವರು ಯಾರು, ಎಲ್ಲಿ ನಿಂತು ಅಳೆದರು?